ಗೋಕರ್ಣ, ಮುರುಡೇಶ್ವರ, ಮಲ್ಪೆ: ಮೂರೂ ಕಡೆ ಮನೆಯವರ ಜೊತೆ ಉಳಿದು ನೋಡಿದ ಮೇಲೆ

ಡಿಸೆಂಬರ್ ಹತ್ತಿರ ಬಂತೆಂದರೆ ಗೆಳೆಯರು, ನೆಂಟರು ಎಲ್ಲರದ್ದೂ ಒಂದೇ ಪ್ರಶ್ನೆ. "ಸಮುದ್ರದ ಕಡೆ ಮೂರು ದಿನ ಹೋಗೋಣ ಅಂತಿದ್ದೇವೆ, ಗೋಕರ್ಣನಾ, ಮುರುಡೇಶ್ವರನಾ, ಉಡುಪಿನಾ?" ನಾನು ಮೂರೂ ಕಡೆ ಉಳಿದು ಬಂದಿದ್ದೇನೆ. ಬೇರೆ ಬೇರೆ ವರ್ಷ, ಆದರೆ ಜೊತೆಗಿದ್ದವರು ಅವರೇ: ಮಂಡಿ ನೋವಿರುವ ಅಮ್ಮ, ನೀರು ಕಂಡರೆ ಓಡುವ ಏಳು ವರ್ಷದ ಮಗಳು, ಬೆಟ್ಟ ಹತ್ತೋದು ಅಂದ್ರೆ ಮೊದಲು ಶೂ ಹಾಕಿಕೊಳ್ಳುವ ಹೆಂಡತಿ. ಮೂವರಿಗೂ ಬೇಕಾಗಿದ್ದು ಬೇರೆ ಬೇರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲೇ ಒಂದು ಮಾತು. ಮೂರನ್ನೂ ಒಂದೇ ಸಲ ಮುಗಿಸಿಬಿಡೋಣ ಅಂತ ಹೊರಡಬೇಡಿ. ಮ್ಯಾಪಲ್ಲಿ ನೋಡಿದರೆ ಸುಲಭ ಅನ್ನಿಸುತ್ತದೆ, ರಾಷ್ಟ್ರೀಯ ಹೆದ್ದಾರಿ 66 ಕಡಲಿನ ಪಕ್ಕದಲ್ಲೇ ಹೋಗುತ್ತದೆ, ಉಡುಪಿಯಿಂದ ಮುರುಡೇಶ್ವರಕ್ಕೆ ನೂರು ಕಿಲೋಮೀಟರ್ ಆಸುಪಾಸು, ಅಲ್ಲಿಂದ ಗೋಕರ್ಣಕ್ಕೆ ಇನ್ನೊಂದು ಎಂಬತ್ತರ ಹತ್ತಿರ. ಆದರೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಕವರಿಗೆ ತುಂಬಿ, ರೂಮು ಖಾಲಿ ಮಾಡಿ, ಹೊಸ ಊರಲ್ಲಿ ರೂಮು ಕೊಡುವ ಹೊತ್ತಿನವರೆಗೆ ಬ್ಯಾಗ್ ಹಿಡಿದು ಕಾಯುವುದಿದೆಯಲ್ಲ, ಅದರಲ್ಲೇ ಅರ್ಧ ದಿನ ಹೋಗುತ್ತದೆ. ಒಂದೇ ಊರಲ್ಲಿ ಉಳಿಯಿರಿ. ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನೋದನ್ನು ಸರಿಯಾಗಿ ಆರಿಸಿದರೆ ಉಳಿದದ್ದು ಸಲೀಸು.

ಬೆಂಗಳೂರಿನಿಂದ ಹೋಗುವವರಿಗೆ ದಾರಿಯ ವಿಷಯದಲ್ಲಿ ಮೂರಕ್ಕೂ ಅಂಥ ವ್ಯತ್ಯಾಸವಿಲ್ಲ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹೊರಡುತ್ತದೆ. ಉಡುಪಿ, ಮುರುಡೇಶ್ವರ, ಗೋಕರ್ಣ ರೋಡ್ ಮೂರೂ ಕಡೆ ನಿಲ್ಲುತ್ತದೆ. ಮಗಳಿಗೆ ಘಾಟಿಯಲ್ಲಿ ವಾಂತಿ ಆಗುತ್ತದೆ, ಆಗುಂಬೆಯ ತಿರುವುಗಳಲ್ಲಿ ಒಮ್ಮೆ ಅನುಭವಿಸಿದ ಮೇಲೆ ನಮಗೆ ರೈಲೇ ಗಟ್ಟಿ. ಗೋಕರ್ಣ ರೋಡ್ ಸ್ಟೇಷನ್ ಊರಿಂದ ದೂರ, ಆಟೋ ಹಿಡಿಯಲೇಬೇಕು. ಮುರುಡೇಶ್ವರದ್ದು ದೇವಸ್ಥಾನಕ್ಕೆ ಹತ್ತಿರ. ಹುಬ್ಬಳ್ಳಿ ಕಡೆಯವರಾದರೆ ಬೇರೆ ಲೆಕ್ಕ, ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ ಮೇಲೆ ಬಂದರೆ ಗೋಕರ್ಣವೇ ಎಲ್ಲಕ್ಕಿಂತ ಸಮೀಪ.

ಗೋಕರ್ಣಕ್ಕೆ ನಾವು ಹೋಗಿದ್ದು ಜನವರಿಯಲ್ಲಿ. ನೋಡೋಕೆ ಚೆಂದ ಯಾವುದು ಅಂತ ಕೇಳಿದರೆ ಕಣ್ಣು ಮುಚ್ಚಿ ಗೋಕರ್ಣ ಅಂತೀನಿ. ಊರ ಬೀಚ್ ಒಂದು, ಅದರ ದಕ್ಷಿಣಕ್ಕೆ ಕುಡ್ಲೆ, ಆಮೇಲೆ ಓಂ, ಹಾಫ್ ಮೂನ್, ಪ್ಯಾರಡೈಸ್. ಒಂದೊಂದರ ನಡುವೆಯೂ ಗುಡ್ಡ. ಹೆಂಡತಿ ಮತ್ತು ನಾನು ಬೆಳಿಗ್ಗೆ ಆರೂವರೆಗೆ ಕುಡ್ಲೆಯಿಂದ ಗುಡ್ಡ ಹತ್ತಿದೆವು. ಕಾಲಡಿಗೆ ಕೆಂಪು ಮುರಕಲ್ಲು, ಒಣಗಿದ ಹುಲ್ಲು, ಎಡಕ್ಕೆ ಗೇರು ಮರ. ಗುಡ್ಡದ ತುದಿಗೆ ಬಂದಾಗ ಓಂ ಬೀಚ್ ಪೂರ್ತಿ ಕಾಣಿಸಿತು. ಎರಡು ಅರ್ಧ ಚಂದ್ರ ಪಕ್ಕಪಕ್ಕ ಇಟ್ಟ ಹಾಗೆ, ನಡುವೆ ಕಡಲಿಗೆ ಚಾಚಿದ ಬಂಡೆ. ಕೆಳಗಿನ ಮರಳಲ್ಲಿ ಆಗ ಇದ್ದಿದ್ದು ಮೂರು ನಾಯಿ, ಒಬ್ಬ ಬಲೆ ಎಳೆಯುವವರು, ಅಷ್ಟೇ. ಅಲ್ಲಿಂದ ಮುಂದೆ ಹಾಫ್ ಮೂನಿಗೆ ದಾರಿ ಕಿರಿದು, ಒಂದು ಕಡೆ ನೇರ ಕಡಲು. ಪ್ಯಾರಡೈಸಿಗಂತೂ ವಾಹನದ ರಸ್ತೆಯೇ ಇಲ್ಲ, ನಡೆಯಬೇಕು ಇಲ್ಲವೇ ದೋಣಿಯಲ್ಲಿ ಹೋಗಬೇಕು. ನೀರು ಎರಡು ಬಾಟಲಿ ಒಯ್ದಿದ್ದೆವು, ಸಾಲಲಿಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡು ಈ ದಾರಿಗೆ ಇಳಿಯಬೇಡಿ, ಮುರಕಲ್ಲಿನ ಸಣ್ಣ ಹರಳು ಉರುಳಿ ಕಾಲು ಜಾರುತ್ತದೆ. ಕತ್ತಲಾಗುವ ಮೊದಲೇ ವಾಪಸು ಬಂದುಬಿಡಿ.

ಆದರೆ ಅಮ್ಮ? ಅಮ್ಮನನ್ನು ಆಟೋದಲ್ಲಿ ಓಂ ಬೀಚಿನ ಮೇಲಿನ ಪಾರ್ಕಿಂಗ್‌ವರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಮೆಟ್ಟಿಲು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ಇಳಿದರು. ಕೆಳಗೆ ಮುಕ್ಕಾಲು ಗಂಟೆ ಕೂತರು, ಖುಷಿಪಟ್ಟರು. ಹತ್ತುವಾಗ ಮಾತ್ರ ಅರ್ಧದಲ್ಲಿ ಕೂತುಬಿಟ್ಟರು. "ನೀವು ಹೋಗಿ, ನಾನು ನಿಧಾನ ಬರ್ತೀನಿ" ಅಂದರು, ಮುಖ ಬೆವರಿತ್ತು. ಆ ಮಾತು ಕೇಳಿ ನನಗೆ ತುಂಬಾ ಬೇಜಾರಾಯಿತು. ಮರುದಿನದಿಂದ ಅವರು ರೂಮಿನಲ್ಲೇ ಉಳಿದರು. ಮಹಾಬಲೇಶ್ವರ ದೇವಸ್ಥಾನ ಮತ್ತು ಕೋಟಿತೀರ್ಥ ಮಾತ್ರ ಅವರಿಗೆ ಸಮಾಧಾನ ಕೊಟ್ಟಿದ್ದು. ದೇವಸ್ಥಾನದಲ್ಲಿ ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು, ಹಾಗಾಗಿ ಒಂದು ಪಂಚೆ ಬ್ಯಾಗಲ್ಲಿರಲಿ. ಶಿವರಾತ್ರಿ ಹೊತ್ತಿಗೆ ರಥೋತ್ಸವ ಇರುತ್ತದೆ, ಆಗ ಬೀಚಿಗೆ ಅಂತ ಹೋಗುವವರಿಗೆ ಆ ಊರಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ಗೋಕರ್ಣದಲ್ಲಿ ರೂಮಿನ ವಿಷಯದಲ್ಲೂ ಎಡವಿದೆವು. ಆನ್‌ಲೈನಲ್ಲಿ "ಕಡಲು ಕಾಣುವ ರೂಮು" ಅಂತ ದುಡ್ಡು ಕಟ್ಟಿದ್ದೆ. ಹೋಗಿ ನೋಡಿದರೆ ಕಿಟಕಿ ಎದುರು ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಕೇಳಿದರೆ, ಮಹಡಿ ಮೇಲೆ ಹೋದರೆ ಕಾಣುತ್ತದಲ್ಲ ಅಂದರು. ಅವತ್ತಿಂದ ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳುತ್ತೇನೆ. ನಮಗೆ ಕೊಡುವ ರೂಮಿನ ನಂಬರ್ ಏನು, ಅದೇ ರೂಮಿನ ಕಿಟಕಿಯಿಂದ ತೆಗೆದ ಫೋಟೋ ವಾಟ್ಸಾಪಿಗೆ ಕಳಿಸ್ತೀರಾ, ಗೇಟಿನಿಂದ ರೂಮಿಗೆ ಎಷ್ಟು ಮೆಟ್ಟಿಲು. ಮೂರನೆಯದು ವಯಸ್ಸಾದವರು ಜೊತೆಗಿದ್ದರೆ ಬಹಳ ಮುಖ್ಯ, ಕುಡ್ಲೆ ಸುತ್ತಮುತ್ತ ಬಹಳಷ್ಟು ಕಡೆ ಆಟೋ ಬಾಗಿಲವರೆಗೆ ಬರುವುದಿಲ್ಲ.

ಮುರುಡೇಶ್ವರಕ್ಕೆ ದಸರಾ ರಜೆಯಲ್ಲಿ ಹೋದೆವು. ಇಲ್ಲಿ ಎಲ್ಲವೂ ಒಂದೇ ಕಣ್ಣಳತೆಯಲ್ಲಿದೆ. ಕಂದುಕ ಗುಡ್ಡ, ಅದರ ಮೂರು ಕಡೆ ಕಡಲು, ಮೇಲೆ 123 ಅಡಿಯ ಶಿವ, ಎದುರಿಗೆ 20 ಅಂತಸ್ತಿನ ರಾಜಗೋಪುರ. ರಾವಣನ ಕೈಯಿಂದ ಆತ್ಮಲಿಂಗ ಗೋಕರ್ಣದಲ್ಲಿ ನೆಲಕ್ಕಿಳಿದ ಕಥೆ ಗೊತ್ತಲ್ವಾ, ಅದಕ್ಕೆ ಹೊದಿಸಿದ್ದ ಬಟ್ಟೆ ಬಿದ್ದ ಜಾಗ ಇದು. ಶಿವನ ಕೆಳಗಿನ ಗುಹೆಯಲ್ಲಿ ಆ ಕಥೆಯನ್ನೆಲ್ಲ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಮಗಳು ಎರಡು ಸಲ ಸುತ್ತು ಹಾಕಿಸಿದಳು. ಗೋಪುರದಲ್ಲಿ ಲಿಫ್ಟ್ ಇದೆ, 18ನೇ ಮಹಡಿವರೆಗೆ ಹೋಗಬಹುದು. ಅಮ್ಮನಿಗೆ ಇದು ದೊಡ್ಡ ವರ. ಮೇಲಿನ ಸಣ್ಣ ಕಿಂಡಿಯಿಂದ ಕೆಳಗೆ ನೋಡಿದರೆ ಆ ದೊಡ್ಡ ಶಿವ, ಆಚೆ ನೀಲಿ ನೀರು, ಮರಳ ಮೇಲೆ ಬೆಂಕಿಪೊಟ್ಟಣದಷ್ಟಿರುವ ದೋಣಿಗಳು. ಸಂಜೆ ಕ್ಯೂ ಉದ್ದ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಮಧ್ಯಾಹ್ನವಂತೂ ಬೇಡ, ಬರಿಗಾಲಲ್ಲಿ ಅಂಗಳದ ಕಲ್ಲು ತುಳಿಯಲಾಗುವುದಿಲ್ಲ.

ಇಷ್ಟೆಲ್ಲ ಮುಗಿಯಲು ನಮಗೆ ಹಿಡಿದದ್ದು ಒಂದು ಸಂಜೆ ಮತ್ತು ಒಂದು ಬೆಳಿಗ್ಗೆ. ಎರಡನೇ ದಿನ ಏನು ಮಾಡುವುದು ಅಂತ ಗೊತ್ತಾಗಲಿಲ್ಲ. ಬೀಚಿನಲ್ಲಿ ಜನ ಜಾಸ್ತಿ, ಮೀನುಗಾರರ ದೋಣಿಗಳ ನಡುವೆ ಪ್ರವಾಸಕ್ಕೆ ಬಂದ ಮಕ್ಕಳ ಸಾಲು, ಎಲ್ಲರೂ ಒಂದೇ ಜಾಗದಲ್ಲಿ ನೀರಿಗೆ ಇಳಿಯುತ್ತಾರೆ. ಇಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಮಗಳ ಕೈಯನ್ನು ನಾನು ಒಂದು ನಿಮಿಷ ಕೂಡ ಬಿಡಲಿಲ್ಲ. ಸ್ಕೂಬಾ ಮಾಡುವವರಿಗೆ ಮಾತ್ರ ಮುರುಡೇಶ್ವರದಲ್ಲಿ ಎರಡು ದಿನಕ್ಕೆ ಸಾಕಷ್ಟಿದೆ, ನೇತ್ರಾಣಿ ದ್ವೀಪಕ್ಕೆ ದೋಣಿ ಇಲ್ಲಿಂದಲೇ. ನಮ್ಮ ಹಾಗೆ ಸುಮ್ನೆ ನೀರಲ್ಲಿ ಆಡಲು ಬಂದವರು ಹೊನ್ನಾವರದ ಹತ್ತಿರದ ಕಾಸರಕೋಡಿಗೆ ಹೋಗುವುದು ಮೇಲು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ ಬೀಚ್ ಅದು. ಸ್ನಾನಕ್ಕೆ, ಬಟ್ಟೆ ಬದಲಾಯಿಸಲು ಜಾಗ ಇದೆ, ಎಲ್ಲಿವರೆಗೆ ಇಳಿಯಬಹುದು ಅಂತ ಗುರುತು ಇದೆ. ಹತ್ತಿರದಲ್ಲೇ ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ. ಅಮ್ಮ ಅದರಲ್ಲಿ ಆರಾಮಾಗಿ ನಡೆದರು. ಆ ಪ್ರವಾಸದಲ್ಲಿ ನಮಗೆ ನೆನಪಿರುವುದು ಆ ಮಧ್ಯಾಹ್ನವೇ.

ಇನ್ನು ಮಲ್ಪೆ. ಇದು ಫೆಬ್ರವರಿಯಲ್ಲಿ. ಉಡುಪಿಯಿಂದ ಆರು ಕಿಲೋಮೀಟರ್, ಸಿಟಿ ಬಸ್ಸು ಸಿಗುತ್ತದೆ. ಮೊದಲ ಸಲ ನೋಡಿದಾಗ ಗೋಕರ್ಣದ ಮುಂದೆ ಇದು ಸಪ್ಪೆ ಅನ್ನಿಸಿತು, ನಿಜ. ಗುಡ್ಡ ಇಲ್ಲ, ಬಂಡೆ ಇಲ್ಲ, ಚಪ್ಪಟೆ ಮರಳು ಉದ್ದಕ್ಕೆ ಹೋಗುತ್ತದೆ. ಆದರೆ ಆ ಚಪ್ಪಟೆ ಮರಳೇ ನಮಗೆ ಬೇಕಾಗಿದ್ದು. ಅಮ್ಮ ರಸ್ತೆಯಿಂದ ನೇರ ನಡೆದು ನೀರಿಗೆ ಕಾಲಿಟ್ಟರು, ಒಂದೂ ಮೆಟ್ಟಿಲಿಲ್ಲ. ಬೆಳಿಗ್ಗೆ ಇಳಿತದ ಹೊತ್ತಿಗೆ ಒದ್ದೆ ಮರಳ ಮೇಲೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು, ರಂಗೋಲಿ ಚುಕ್ಕೆ ಇಟ್ಟ ಹಾಗೆ. ಮಗಳು ಮಂಡಿಯೂರಿ ಕೂತು ಉಸಿರು ಬಿಗಿಹಿಡಿದು ಕಾದಳು. ತೂತಿನಿಂದ ಬಟಾಣಿಯಷ್ಟು ಏಡಿ ಹೊರಗೆ ಬಂತು, ಮರಳನ್ನು ಬಾಯಿಗೆ ಹಾಕಿ, ಉಂಡೆ ಮಾಡಿ ಪಕ್ಕಕ್ಕಿಟ್ಟು, ಅವಳ ನೆರಳು ಅಲುಗಿದ್ದೇ ತಡ ಒಳಗೆ ಹೋಯಿತು. ಒಂದೂವರೆ ಗಂಟೆ ಇದೇ ಆಟ. ಅಮ್ಮ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲೇಬೇಕು. ಆರು ಮೂಲೆಯ ಕಲ್ಲಿನ ಕಂಬಗಳು ಯಾರೋ ಕೈಯಾರೆ ಜೋಡಿಸಿದ ಹಾಗೆ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತಾ ಕುಗ್ಗಿ, ಹೀಗೆ ಬಿರುಕು ಬಿಟ್ಟದ್ದು. ಕೆರೆ ಒಣಗಿದಾಗ ಕೆಸರು ಬಿರಿಯುತ್ತದಲ್ಲ, ಹಾಗೆ. ಒಂದು ಕಂಬದ ತಲೆ ಮೇಲೆ ಮಗಳು ತನ್ನೆರಡೂ ಅಂಗೈ ಇಟ್ಟು ಮೂಲೆ ಎಣಿಸಿದಳು. ತೀರದಲ್ಲಿ ಮರಳಿಗಿಂತ ಚಿಪ್ಪಿನ ಚೂರೇ ಜಾಸ್ತಿ, ಬರಿಗಾಲಿಗೆ ಚುಚ್ಚುತ್ತದೆ. ಒಬ್ಬ ಹುಡುಗ ಬಂಡೆ ಆಚೆ ನೀರಿಗೆ ಇಳಿಯಲು ಹೋದಾಗ ಕಾವಲಿನವರು ಸೀಟಿ ಊದಿ ಓಡಿ ಬಂದರು. "ಅಲ್ಲಿ ಬೇಡ ಮಾರಾಯ್ರೇ, ಅಡಿಯಿಂದ ಎಳೀತದೆ" ಅಂದರು. ಅವರ ಮಾತು ಕೇಳಿ. ದೋಣಿ ಹತ್ತಿ ಇಳಿಯುವಾಗ ಅಮ್ಮನನ್ನು ಇಬ್ಬರು ಕೈಹಿಡಿದುಕೊಳ್ಳಬೇಕಾಯಿತು, ಅದೊಂದೇ ಕಷ್ಟ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ದ್ವೀಪದಲ್ಲಿ ರಾತ್ರಿ ಉಳಿಯುವ ಹಾಗೂ ಇಲ್ಲ.

ಮಲ್ಪೆಯ ದೊಡ್ಡ ಲಾಭ ಅಂದರೆ ಬಿಸಿಲು ಏರಿದ ಮೇಲೂ ಹೋಗಲು ಜಾಗ ಇದೆ. ಉಡುಪಿಯ ಕೃಷ್ಣ ಮಠ, ಕನಕನ ಕಿಂಡಿ, ಮಧ್ಯಾಹ್ನ ಅಲ್ಲೇ ಊಟ. ಸಂಜೆ ಕಾಪುವಿನ ದೀಪಸ್ತಂಭ, 1901ರದ್ದು, ಅದರ ಬುಡದ ಬಂಡೆ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಬಹುದು. ಮಗುವಿಗೆ ನಿರಾತಂಕವಾಗಿ ನೀರಾಟ ಆಡಿಸಬೇಕೆಂದರೆ ಪಡುಬಿದ್ರಿ, ಅದೂ ಬ್ಲೂ ಫ್ಲ್ಯಾಗ್ ಬೀಚೇ. ಒಂದು ಎಚ್ಚರಿಕೆ: ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ವಾರ ಉಡುಪಿಯಲ್ಲಿ ರೂಮು ಹುಡುಕಬೇಡಿ.

ಊಟದಲ್ಲಿ ನನ್ನ ಓಟು ಮಲ್ಪೆಗೇ. ದೊಡ್ಡ ಮೀನುಗಾರಿಕೆ ಬಂದರು, ಹಾಗಾಗಿ ಬಂಗುಡೆ, ಅಂಜಲ್, ಕಾಣೆ ಎಲ್ಲ ತಾಜಾ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ಅಷ್ಟು ಬಗೆ ಸಿಗುವುದಿಲ್ಲ. ಅಮ್ಮ ಮೀನು ಮುಟ್ಟುವುದಿಲ್ಲ, ಆದರೆ ಉಡುಪಿಯಲ್ಲಿ ಬನ್ಸ್, ಗೋಳಿಬಜೆ, ನೀರುದೋಸೆ ತಿಂದು ಮೂರು ದಿನ ಒಂದು ಸಲವೂ ಊಟದ ಬಗ್ಗೆ ಗೊಣಗಲಿಲ್ಲ. ಗೋಕರ್ಣದಲ್ಲಿ ಕುಡ್ಲೆ ಬೀಚಿನ ಅಂಗಡಿಗಳಲ್ಲಿ ಪಾಸ್ತಾ, ಪಿಜ್ಜಾ ಸಿಕ್ಕಿದಷ್ಟು ಸುಲಭವಾಗಿ ಅನ್ನ ಸಾರು ಸಿಗಲಿಲ್ಲ, ಅದಕ್ಕೆ ರಥಬೀದಿಗೇ ಬರಬೇಕು.

ತಿಂಗಳ ಬಗ್ಗೆ ಹೇಳುವುದಾದರೆ ಮೂರಕ್ಕೂ ನವೆಂಬರಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇ ಸೆಕೆ ತಡೆಯಲಾಗುವುದಿಲ್ಲ. ಹೋಗುವ ದಿನ ಅಮಾವಾಸ್ಯೆನೋ ಹುಣ್ಣಿಮೆನೋ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ, ಆಗ ಉಬ್ಬರ ಇಳಿತ ಎರಡೂ ಜೋರು, ಮಕ್ಕಳಿದ್ದರೆ ಆ ಎರಡು ದಿನ ತಪ್ಪಿಸಿ.

ಹಾಗಾದರೆ ಯಾವುದು? ನೀವಿಬ್ಬರೇ ಅಥವಾ ಗೆಳೆಯರ ಗುಂಪು, ಎಲ್ಲರ ಕಾಲೂ ಗಟ್ಟಿ, ಹಾಗಿದ್ದರೆ ಗೋಕರ್ಣದಲ್ಲಿ ಮೂರು ರಾತ್ರಿ ಉಳಿಯಿರಿ, ಬೇರೆ ಯೋಚನೆಯೇ ಬೇಡ. ಮುರುಡೇಶ್ವರದಲ್ಲಿ ಒಂದು ರಾತ್ರಿ ಸಾಕು, ಹೋಗುವ ದಾರಿಯಲ್ಲೋ ಬರುವ ದಾರಿಯಲ್ಲೋ. ಮನೆಯಲ್ಲಿ ಅಜ್ಜಿ, ಮೊಮ್ಮಗು ಇಬ್ಬರೂ ಇದ್ದರೆ ಮಲ್ಪೆ. ಫೋಟೋದಲ್ಲಿ ಅದು ಗೋಕರ್ಣದಷ್ಟು ಚೆಂದ ಬರದೇ ಇರಬಹುದು, ಆದರೆ ನಾವು ನಾಲ್ಕೂ ಜನ ದಿನವಿಡೀ ಒಟ್ಟಿಗೆ ಇದ್ದದ್ದು ಅಲ್ಲಿ ಮಾತ್ರ.

ಈ ಫೆಬ್ರವರಿಗೆ ಮತ್ತೆ ಮಲ್ಪೆಗೇ ರೈಲು ಬುಕ್ ಆಗಿದೆ. ರೂಮಿನವರಿಗೆ ಫೋನ್ ಮಾಡುವಾಗ ಅಮ್ಮ ಪಕ್ಕದಲ್ಲೇ ಕೂತಿದ್ದರು. ಆ ಕಟ್ಟೆ ಹತ್ತಿರದ್ದೇ ತಾನೇ, ನೆಲಮಹಡಿ ತಾನೇ, ಕೇಳು ಅಂತ ಕೈಸನ್ನೆ ಮಾಡುತ್ತಿದ್ದರು.