ಇ-ಕ್ಲಾಸ್ ಅಥವಾ 5 ಸೀರೀಸ್: ನಿರ್ಧಾರ ಚಕ್ರದ ಅಳತೆಯಿಂದ ಶುರುವಾಗಲಿ

ಐಷಾರಾಮಿ ಸೆಡಾನ್ ಕೊಳ್ಳಲು ಹೊರಟವರ ಪಟ್ಟಿ ಆರಂಭದಲ್ಲಿ ಎಷ್ಟೇ ಉದ್ದವಿದ್ದರೂ ಕೊನೆಗೆ ಬಹುಮಟ್ಟಿಗೆ ಎರಡೇ ಹೆಸರುಗಳು ಉಳಿಯುತ್ತವೆ: ಮರ್ಸಿಡಿಸ್-ಬೆಂಝ್ ಇ-ಕ್ಲಾಸ್ ಮತ್ತು ಬಿಎಂಡಬ್ಲ್ಯು 5 ಸೀರೀಸ್. 5 ಸೀರೀಸ್ ಎಂಬ ಹೆಸರು 1972ರಿಂದ ಚಾಲ್ತಿಯಲ್ಲಿದೆ. ಬೆಂಝ್‌ನ ಈ ದರ್ಜೆಯ ಕಾರುಗಳು ಅದಕ್ಕಿಂತ ಹಳೆಯವಾದರೂ ಇ-ಕ್ಲಾಸ್ ಎಂಬ ಹೆಸರು ಬಂದದ್ದು 1993ರಲ್ಲಿ. ಈಗ ಮಾರಾಟದಲ್ಲಿರುವ ಎರಡೂ ಪೀಳಿಗೆಗಳು 2023ರಲ್ಲಿ ಸುಮಾರು ಒಂದು ತಿಂಗಳ ಅಂತರದಲ್ಲಿ ಅನಾವರಣಗೊಂಡವು. ಕೂರುವವರಿಗೆ ಬೆಂಝ್, ಓಡಿಸುವವರಿಗೆ ಬಿಎಂಡಬ್ಲ್ಯು ಎಂಬ ಮಾತನ್ನು ನಾನೂ ಬಹಳ ವರ್ಷ ನಂಬಿಕೊಂಡಿದ್ದೆ. ಎರಡನ್ನೂ ಹಲವು ದಿನ ಬೇರೆ ಬೇರೆ ಆವೃತ್ತಿಗಳಲ್ಲಿ ಓಡಿಸಿ, ಹಿಂದಿನ ಸೀಟಿನಲ್ಲಿ ಕುಳಿತು ನೋಡಿದ ಮೇಲೆ ಆ ಮಾತು ಅರ್ಧ ಮಾತ್ರ ನಿಜವೆನಿಸಿದೆ. ಬಾನೆಟ್ಟಿನ ಮೇಲಿನ ಲಾಂಛನಕ್ಕಿಂತ, ಬುಕಿಂಗ್ ಸಮಯದಲ್ಲಿ ನಾವು ಆಪ್ಷನ್ ಪಟ್ಟಿಯಲ್ಲಿ ಗುರುತು ಹಾಕುವ ನಾಲ್ಕೈದು ಸಾಲುಗಳೇ ಈ ಕಾರುಗಳ ಸ್ವಭಾವವನ್ನು ಹೆಚ್ಚು ಬದಲಿಸುತ್ತವೆ.

ಮೊದಲಿಗೆ ಎಂಜಿನ್ನಿನ ಮಾತನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅಲ್ಲಿ ಜಗಳಕ್ಕೆ ಹೆಚ್ಚು ಜಾಗವಿಲ್ಲ. ಇ 200ರ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 204 ಅಶ್ವಶಕ್ತಿ ಮತ್ತು 320 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ, 520ಐ 208 ಅಶ್ವಶಕ್ತಿ ಮತ್ತು 330 ನ್ಯೂಟನ್ ಮೀಟರ್ ಕೊಡುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಎರಡಕ್ಕೂ ಕಂಪನಿಗಳು ಹೇಳುವ ಸಮಯ 7.5 ಸೆಕೆಂಡು. ಡೀಸೆಲ್‌ನಲ್ಲಿ ಎರಡೂ 197 ಅಶ್ವಶಕ್ತಿಯವೇ. ಇ 220ಡಿಯಲ್ಲಿ ಟಾರ್ಕ್ 440, 520ಡಿಯಲ್ಲಿ 400. ಎರಡೂ ಕಡೆ 48 ವೋಲ್ಟಿನ ಸಣ್ಣ ವಿದ್ಯುತ್ ಮೋಟಾರ್ ಜೊತೆಗಿದೆ. ಬೆಂಝ್‌ನ ಮೋಟಾರು 17 ಕಿಲೋವಾಟ್ ಸಾಮರ್ಥ್ಯದ್ದಾದ್ದರಿಂದ ಸಿಗ್ನಲ್ ಬಳಿ ಆಫ್ ಆದ ಎಂಜಿನ್ ಮತ್ತೆ ಚಾಲೂ ಆದದ್ದು ಗೊತ್ತೇ ಆಗುವುದಿಲ್ಲ. ಗೇರ್‌ಬಾಕ್ಸ್ ಬೆಂಝ್‌ನಲ್ಲಿ ಒಂಬತ್ತು ಹಂತದ್ದು, ಬಿಎಂಡಬ್ಲ್ಯುವಿನಲ್ಲಿ ಎಂಟು ಹಂತದ್ದು. ಓವರ್‌ಟೇಕ್ ಮಾಡಲೆಂದು ಥಟ್ಟನೆ ಆಕ್ಸಿಲರೇಟರ್ ಒತ್ತಿದಾಗ ಎಂಟರದ್ದು ಒಂದು ಕ್ಷಣ ಮೊದಲು ಓಗೊಡುತ್ತದೆ ಎಂಬುದು ನನ್ನ ಅನಿಸಿಕೆ. ಆ ಒಂದು ಕ್ಷಣಕ್ಕಾಗಿ ಕಾರನ್ನೇ ಬದಲಿಸಬೇಕೆಂದು ಯಾರಿಗೂ ಹೇಳಲಾರೆ.

ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಚಕ್ರಗಳ ಬಗ್ಗೆ. ಶೋರೂಮಿನಲ್ಲಿ ಬೆಳಕು ಬಿಟ್ಟು ನಿಲ್ಲಿಸಿರುವ ಕಾರಿಗೆ ಸಾಮಾನ್ಯವಾಗಿ 20 ಅಥವಾ 21 ಇಂಚಿನ ಚಕ್ರ ಹಾಕಿರುತ್ತಾರೆ, ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 225/55 ಎಂದಿದ್ದರೆ ಟೈರಿನ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಅಂದರೆ ಸುಮಾರು 124 ಮಿ.ಮೀ. ರಬ್ಬರು ಮತ್ತು ಗಾಳಿ. ಅದೇ 245/35 ಎಂದಿದ್ದರೆ ಆ ಗೋಡೆ ಸುಮಾರು 86 ಮಿ.ಮೀ.ಗೆ ಇಳಿಯುತ್ತದೆ. ರಸ್ತೆಯ ಗುಂಡಿಗೂ ನಿಮ್ಮ ಬೆನ್ನುಮೂಳೆಗೂ ನಡುವಿನ ಮೊದಲ ಮೆತ್ತೆಯೇ ಇದು. ಸಸ್ಪೆನ್ಷನ್ನಿನ ಸರದಿ ಆಮೇಲೆ ಬರುತ್ತದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಯಾರು ಯಾವ ಸಂದರ್ಭಕ್ಕೆ ಕಟ್ಟಿದರೋ ತಿಳಿಯದು, ಅಲಾಯ್ ಚಕ್ರಗಳಿಗಂತೂ ಅದು ಚೆನ್ನಾಗಿ ಒಪ್ಪುತ್ತದೆ. ಹಿಂದೆ ನನ್ನ ಬಳಿಯಿದ್ದ ಬೇರೊಂದು ತಯಾರಕರ ಕಾರಿನಲ್ಲಿ ತೆಳು ಟೈರಿನ ಪಕ್ಕ ಉಬ್ಬಿ ಒಂದೇ ವರ್ಷದಲ್ಲಿ ಎರಡು ಬಾರಿ ಟೈರ್ ಬದಲಿಸಬೇಕಾಯಿತು. ಎರಡನೆಯ ಬಾರಿ ರಿಮ್ಮೂ ಸೊಟ್ಟಗಾಗಿತ್ತು.

ಈ ಕಾರಣಕ್ಕಾಗಿ ನಾನು ಓಡಿಸಿದ ಇ-ಕ್ಲಾಸ್‌ಗಳ ಪೈಕಿ ಎರಡು, ಹೆಸರು ಒಂದೇ ಆದರೂ, ಎರಡು ಬೇರೆ ಕಾರುಗಳಂತೆ ವರ್ತಿಸಿದವು. ಮೊದಲನೆಯದಕ್ಕೆ ಸಾಮಾನ್ಯ ಸ್ಪ್ರಿಂಗ್ ಮತ್ತು 20 ಇಂಚಿನ ಚಕ್ರ ಇದ್ದವು. ನುಣುಪಾದ ಹೆದ್ದಾರಿಯಲ್ಲಿ ಅದು ತೇಲಿಕೊಂಡು ಹೋಯಿತು. ಸೇತುವೆಯ ಜೋಡಣೆಗಳ ಮೇಲೆ ಹಾಯುವಾಗ ಮಾತ್ರ ಹಿಂಭಾಗದಿಂದ ದಪ್ ದಪ್ ಎಂಬ ಸದ್ದು ಕ್ಯಾಬಿನ್ನಿನೊಳಕ್ಕೆ ಬರುತ್ತಿತ್ತು. ಎರಡನೆಯದಕ್ಕೆ ಸ್ಪ್ರಿಂಗ್ ಬದಲು ಗಾಳಿಚೀಲಗಳಿರುವ, ಏರ್‌ಮ್ಯಾಟಿಕ್ ಎಂಬ ಏರ್ ಸಸ್ಪೆನ್ಷನ್ ಮತ್ತು 18 ಇಂಚಿನ ಚಕ್ರ. ಅದೇ ಸೇತುವೆ, ಹೆಚ್ಚುಕಡಿಮೆ ಅದೇ ವೇಗ. ಜೋಡಣೆ ದಾಟಿದ್ದು ಕಿವಿಗೆ ತಿಳಿಯಿತೇ ಹೊರತು ಬೆನ್ನಿಗೆ ತಾಕಲಿಲ್ಲ. 5 ಸೀರೀಸ್‌ನ ಪೆಟ್ರೋಲ್ ಮತ್ತು ಡೀಸೆಲ್ ಆವೃತ್ತಿಗಳಿಗೆ ನಾಲ್ಕೂ ಚಕ್ರದ ಏರ್ ಸಸ್ಪೆನ್ಷನ್ ಸಿಗುವುದೇ ಇಲ್ಲ, ಡ್ಯಾಂಪರ್‌ಗಳ (ಸ್ಪ್ರಿಂಗಿನ ಕುಲುಕಾಟ ತಡೆಯುವ ಭಾಗಗಳ) ಬಿಗಿತವನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಮಾತ್ರ ಆಯ್ಕೆಯಾಗಿ ಸಿಗುತ್ತದೆ. ಆದರೂ 18 ಇಂಚಿನ ಚಕ್ರದ 5 ಸೀರೀಸ್ ನಾನು ಓಡಿಸಿದ ಮೊದಲ ಇ-ಕ್ಲಾಸ್‌ಗಿಂತ ಮೆದುವಾಗಿಯೇ ಸಾಗಿತು. ಕೂರುವವರ ಕಾರು, ಓಡಿಸುವವರ ಕಾರು ಎಂಬ ವಿಂಗಡಣೆಯ ಮೇಲೆ ನನಗೆ ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ಏರ್ ಸಸ್ಪೆನ್ಷನ್ನಿಗೆ ಮನಸೋತವರು ಅದರ ಇನ್ನೊಂದು ಮುಖವನ್ನೂ ನೋಡಬೇಕು. ರಬ್ಬರಿನ ಗಾಳಿಚೀಲಗಳು ಕಾಲಕ್ರಮದಲ್ಲಿ ಬಿರುಕು ಬಿಡುತ್ತವೆ, ಸಣ್ಣ ಸೋರಿಕೆಯನ್ನು ಸರಿದೂಗಿಸಲು ಕಂಪ್ರೆಸರ್ ಪದೇಪದೇ ಓಡಿ ಸವೆಯುತ್ತದೆ, ಮತ್ತು ಇವೆಲ್ಲ ಬಹಳ ಸಲ ವಾರಂಟಿ ಮುಗಿದ ಮೇಲೆಯೇ ತಲೆದೋರುತ್ತವೆ. ಕಾರನ್ನು ನಾಲ್ಕೈದು ವರ್ಷಕ್ಕೆ ಬದಲಿಸುವವರಿಗೆ ಇದು ಚಿಂತೆಯ ವಿಷಯವಲ್ಲ. ಹತ್ತು ವರ್ಷ ಇಟ್ಟುಕೊಳ್ಳುವವರು ಮಾತ್ರ ಸಣ್ಣ ಚಕ್ರ, ಸಾಮಾನ್ಯ ಸ್ಪ್ರಿಂಗ್ ಎಂಬ ಜೋಡಿಯನ್ನು ಕೀಳಾಗಿ ಕಾಣಬಾರದು.

ಗಾತ್ರದಲ್ಲಿ 5 ಸೀರೀಸ್ ದೊಡ್ಡಣ್ಣ. ಉದ್ದ 5,060 ಮಿ.ಮೀ., ಅಂದರೆ 4,949 ಮಿ.ಮೀ. ಉದ್ದದ ಇ-ಕ್ಲಾಸ್‌ಗಿಂತ ಹನ್ನೊಂದು ಸೆಂಟಿಮೀಟರ್ ಹೆಚ್ಚು. ಉದ್ದದ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಇರುವ ಆವೃತ್ತಿಗಳು ಸಿಗುವ ಮಾರುಕಟ್ಟೆಗಳಲ್ಲಿ ಈ ಅಂತರ ಕಾಲು ಚಾಚುವ ಜಾಗಕ್ಕೆ ಬಂದಾಗ ಬಹುತೇಕ ಮಾಯವಾಗುತ್ತದೆ, ಏಕೆಂದರೆ ಅವುಗಳ ವೀಲ್‌ಬೇಸ್ ಕ್ರಮವಾಗಿ 3,105 ಮತ್ತು 3,094 ಮಿ.ಮೀ. ನನಗೆ ಹೆಚ್ಚು ಉಪಯೋಗಕ್ಕೆ ಬಂದ ಅಳತೆ ಎತ್ತರದ್ದು. 5 ಸೀರೀಸ್‌ನ ಎತ್ತರ 1,515 ಮಿ.ಮೀ.; ಇ-ಕ್ಲಾಸ್ ಅದಕ್ಕಿಂತ ನಾಲ್ಕೂವರೆ ಸೆಂಟಿಮೀಟರ್‌ನಷ್ಟು ತಗ್ಗು. ಕಾಗದದ ಮೇಲೆ ಇದು ಲೆಕ್ಕಕ್ಕಿಲ್ಲದ ವ್ಯತ್ಯಾಸ. ಮಂಡಿನೋವಿರುವ ಅಮ್ಮನನ್ನು ಎರಡೂ ಕಾರುಗಳಿಗೆ ಹತ್ತಿಸಿದ ದಿನ ಅದರ ಬೆಲೆ ತಿಳಿಯಿತು. 5 ಸೀರೀಸ್‌ನಲ್ಲಿ ಅವರು ಸೀಟಿನ ಅಂಚಿಗೆ ಕುಳಿತು, ತಿರುಗಿ, ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಂಡರು. ಇ-ಕ್ಲಾಸ್‌ನಲ್ಲಿ ತಲೆ ತಗ್ಗಿಸಬೇಕಾಯಿತು, ಇಳಿಯುವಾಗ ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ನನ್ನ ಭುಜವನ್ನೂ ಹಿಡಿಯಬೇಕಾಯಿತು. ಆದರೆ ಏರ್ ಸಸ್ಪೆನ್ಷನ್ನಿನ ಆ ಇ-ಕ್ಲಾಸ್ ಹೊರಟ ಹತ್ತು ನಿಮಿಷಕ್ಕೆ ಅವರಿಗೆ ನಿದ್ದೆ ಬಂದಿತ್ತು, 5 ಸೀರೀಸ್‌ನಲ್ಲಿ ದಾರಿಯುದ್ದಕ್ಕೂ ಎಚ್ಚರವಾಗಿಯೇ ಇದ್ದು ಮಾತಾಡಿಕೊಂಡು ಬಂದರು. ಇವೆರಡರಲ್ಲಿ ಯಾವುದನ್ನು ಕಾರಿನ ಗುಣವೆಂದು ಎಣಿಸಬೇಕೆಂಬುದನ್ನು ನಾನು ಅವರ ಮುಂದೆ ಚರ್ಚಿಸಲಿಲ್ಲ. ಎರಡೂ ಹಿಂಬದಿ ಚಕ್ರಕ್ಕೆ ಶಕ್ತಿ ಕಳಿಸುವ ವಿನ್ಯಾಸದ ಕಾರುಗಳಾದ್ದರಿಂದ ನಡುವೆ ದೊಡ್ಡ ಉಬ್ಬು ಇದೆ. ಐದನೆಯವರ ಜಾಗ ಹೆಸರಿಗಷ್ಟೇ.

ಇಕ್ಕಟ್ಟಿನ ಜಾಗದಲ್ಲಿ ತಿರುಗಿಸುವುದು ಇ-ಕ್ಲಾಸ್‌ಗೆ ಸುಲಭ. ಅದರ ಹಿಂದಿನ ಚಕ್ರಗಳನ್ನೂ ತಿರುಗಿಸುವ ಆಯ್ಕೆಯನ್ನು ತೆಗೆದುಕೊಂಡರೆ ಅವು 4.5 ಡಿಗ್ರಿಯವರೆಗೆ ತಿರುಗಿ, ಕಾರು ತಿರುಗಲು ಬೇಕಾಗುವ ವೃತ್ತವನ್ನು 90 ಸೆಂಟಿಮೀಟರ್‌ವರೆಗೆ ಕುಗ್ಗಿಸುತ್ತವೆ. 5 ಸೀರೀಸ್‌ನ ಇದೇ ವ್ಯವಸ್ಥೆ 2.5 ಡಿಗ್ರಿಗೆ ನಿಲ್ಲುತ್ತದೆ. ಆದರೆ ಬಳುಕುವ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿದವರ ಮನಸ್ಸನ್ನು ಅರಿತಂತೆ ನಡೆಯುವುದು ಈಗಲೂ 5 ಸೀರೀಸೇ. ಹಳೆಯ ಪೀಳಿಗೆಗಳಿಗೆ ಹೋಲಿಸಿದರೆ ಸ್ಟೀರಿಂಗ್ ಹಗುರವಾಗಿದೆ, ಕಾರು ಭಾರವಾಗಿದೆ ಎಂಬ ದೂರಿನಲ್ಲಿ ಹುರುಳಿದೆ. ಆದರೂ ತಿರುವಿನ ನಡುವೆ ದಿಕ್ಕನ್ನು ಕೊಂಚ ತಿದ್ದಬೇಕಾದಾಗ ಅದು ಅಳುಕುವುದಿಲ್ಲ.

ಇನ್ನು ಪರದೆಗಳ ವಿಷಯ, ಇಲ್ಲಿ ನನ್ನ ಅಸಮಾಧಾನ ಎರಡೂ ಕಂಪನಿಗಳ ಮೇಲಿದೆ. ಇ-ಕ್ಲಾಸ್‌ನ ಮಧ್ಯದ ಪರದೆ 14.4 ಇಂಚಿನದು, ಬಯಸಿದರೆ ಮುಂದಿನ ಪ್ರಯಾಣಿಕರಿಗೂ ಪ್ರತ್ಯೇಕ ಪರದೆ ಸಿಗುತ್ತದೆ. 5 ಸೀರೀಸ್‌ನಲ್ಲಿ 12.3 ಮತ್ತು 14.9 ಇಂಚಿನ ಎರಡು ಪರದೆಗಳನ್ನು ಒಂದೇ ಬಾಗಿದ ಗಾಜಿನಡಿ ಜೋಡಿಸಿದ್ದಾರೆ. ಏಸಿಯ ತಾಪಮಾನ ಬದಲಿಸಲು ಎರಡರಲ್ಲೂ ಗಾಜನ್ನೇ ಒತ್ತಬೇಕು. ಬೆಂಝ್ ಸ್ಟೀರಿಂಗ್ ಮೇಲಿನ ಗುಂಡಿಗಳನ್ನೂ ಬೆರಳು ಸವರುವ ಪಟ್ಟಿಗಳನ್ನಾಗಿ ಮಾಡಿದೆ. ಧ್ವನಿ ಎರಡು ಅಂಶ ಇಳಿಸಲು ಹೋದರೆ ಒಮ್ಮೆ ಏನೂ ಆಗುವುದಿಲ್ಲ, ಮತ್ತೊಮ್ಮೆ ಹತ್ತು ಅಂಶ ಇಳಿಯುತ್ತದೆ. ಬಿಎಂಡಬ್ಲ್ಯು 2001ರಲ್ಲಿ 7 ಸೀರೀಸ್ ಮೂಲಕ ತಂದ ಐಡ್ರೈವ್ ಎಂಬ ತಿರುಗುಗುಂಡಿಯನ್ನು ಆಗ ಜನ ಬೈದದ್ದೇ ಬೈದದ್ದು. ಇಂದು ರಾತ್ರಿ ಮಳೆಯಲ್ಲಿ, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ, ಗೇರ್ ಸ್ವಿಚ್ಚಿನ ಪಕ್ಕಕ್ಕೆ ಕೈ ಇಳಿಸಿ ಎರಡು ಬಾರಿ ತಿರುಗಿಸಿ ಒತ್ತಿದರೆ ನಕ್ಷೆ ದೊಡ್ಡದಾಗುತ್ತದೆ. 5 ಸೀರೀಸ್ ಈ ಗುಂಡಿಯನ್ನು ಉಳಿಸಿಕೊಂಡಿರುವುದು ನನ್ನ ಲೆಕ್ಕದಲ್ಲಿ ಸಣ್ಣ ವಿಷಯವಲ್ಲ. ಟೆಸ್ಟ್ ಡ್ರೈವಿಗೆ ಕತ್ತಲಾದ ಮೇಲೆ ಹೋಗಿ ಎಂದು ಪರಿಚಿತರಿಗೆ ನಾನು ಹೇಳುವುದು ಇದಕ್ಕಾಗಿಯೇ. ಹಗಲಿನಲ್ಲಿ ಎಲ್ಲ ಪರದೆಗಳೂ ಚೆಂದವೇ ಕಾಣುತ್ತವೆ.

ಒಳಾಂಗಣದ ಅಂದದಲ್ಲಿ ಬೆಂಝ್ ಮುಂದಿದೆ, ಬೆರಳಚ್ಚು ಹಿಡಿಯುವ ಹೊಳಪಿನ ಭಾಗಗಳನ್ನು ಮರೆತರೆ. 5 ಸೀರೀಸ್‌ನಲ್ಲಿ ಚರ್ಮರಹಿತ ಹೊದಿಕೆಯೇ ಮೂಲ ಆಯ್ಕೆ. ಮುಟ್ಟಿದರೆ ವ್ಯತ್ಯಾಸ ತಿಳಿಯುವುದು ಕಷ್ಟ. ಸುರಕ್ಷತೆಯ ವಿಷಯದಲ್ಲಿ ಎರಡೂ ಯುರೋಪಿನ ಅಪಘಾತ ಪರೀಕ್ಷಾ ಸಂಸ್ಥೆ ಯೂರೋ ಎನ್‌ಕ್ಯಾಪ್‌ನ ಐದು ನಕ್ಷತ್ರ ಪಡೆದಿವೆ.

ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ ಜೊತೆಗೆ ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು) ಬೇಕೆನ್ನುವವರು ಬೂಟ್ ತೆರೆದು ನೋಡದೆ ಸಹಿ ಹಾಕಬಾರದು. ಸಾಮಾನ್ಯ ಇ-ಕ್ಲಾಸ್‌ನ ಬೂಟ್ 540 ಲೀಟರ್, 5 ಸೀರೀಸ್‌ನದು 520. ಇಲ್ಲಿಯವರೆಗೆ ಬೆಂಝ್ ಮುಂದು. ಆದರೆ ಇ-ಕ್ಲಾಸ್‌ನ ಪ್ಲಗ್-ಇನ್ ಆವೃತ್ತಿಯಲ್ಲಿ ಬ್ಯಾಟರಿ ಹಿಂಭಾಗದ ಜಾಗವನ್ನು ತಿಂದು 370 ಲೀಟರ್ ಉಳಿಸುತ್ತದೆ. 5 ಸೀರೀಸ್‌ನ ಪ್ಲಗ್-ಇನ್ ಆವೃತ್ತಿಯಾದ 530ಇಯಲ್ಲಿ ಬ್ಯಾಟರಿ ಕಾರಿನ ಅಡಿಭಾಗದಲ್ಲಿರುವುದರಿಂದ 520 ಲೀಟರ್ ಹಾಗೆಯೇ ಇದೆ. ಎರಡು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿಬರುವವರಿಗೆ ಆಯ್ಕೆ ಇಲ್ಲೇ ಮುಗಿಯುತ್ತದೆ. ನೋಡುವಾಗಲೇ ಬೂಟಿನ ನೆಲದ ಹಲಗೆ ಎತ್ತಿ ಸ್ಟೆಪ್ನಿ ಇದೆಯೋ, ಪಂಕ್ಚರ್ ತುಂಬುವ ದ್ರಾವಣದ ಬಾಟಲಿ ಮಾತ್ರವೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ದಿನವೂ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಾಡುವವರು ಎರಡರಲ್ಲೂ ಡೀಸೆಲ್ ತೆಗೆದುಕೊಳ್ಳದಿರುವುದೇ ಒಳ್ಳೆಯದು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿಗೊಳಿಸಿಕೊಳ್ಳಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಓಡಬೇಕು, ಸಣ್ಣ ಓಡಾಟದಲ್ಲಿ ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಆಪ್ಷನ್‌ಗಳನ್ನು ಸೇರಿಸುತ್ತಾ ಹೋದರೆ ಮೂಗಿಗಿಂತ ಮೂಗುತಿ ಭಾರವಾಗುವುದು ಇಂಥ ಕಾರುಗಳಲ್ಲಿ ಸಾಮಾನ್ಯ, ಮತ್ತು ಮರುಮಾರಾಟದ ಹೊತ್ತಿಗೆ ಆ ಮೂಗುತಿಗಳಿಗೆ ಯಾರೂ ಹಣ ಕೊಡುವುದಿಲ್ಲ. ಕೆಲವು ಸೌಲಭ್ಯಗಳನ್ನು ಎರಡೂ ಕಂಪನಿಗಳು ಈಗ ಕಾಲಾವಧಿಯ ಚಂದಾ ಮೂಲಕವೂ ಮಾರುತ್ತವೆ. ಯಾವುದು ಕಾರಿನೊಂದಿಗೆ ಶಾಶ್ವತ, ಯಾವುದಕ್ಕೆ ಎಷ್ಟು ವರ್ಷದ ಗಡುವು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.

ನಾನೇ ಓಡಿಸುವ ದಿನಗಳು ಹೆಚ್ಚು, ಅಮ್ಮ ಹಿಂದೆ ಕೂರುವುದು ವಾರಕ್ಕೊಮ್ಮೆ. ಆದ್ದರಿಂದ 18 ಇಂಚಿನ ಚಕ್ರದ, ಡ್ಯಾಂಪರ್ ಆಯ್ಕೆಯುಳ್ಳ 520ಐ ಬುಕ್ ಮಾಡಿದೆ. ವಾರದ ಐದು ದಿನ ಹಿಂದಿನ ಸೀಟಿನಲ್ಲಿ ಕೂರುವವನಾಗಿದ್ದರೆ ಏರ್‌ಮ್ಯಾಟಿಕ್ ಇರುವ ಇ-ಕ್ಲಾಸ್ ತೆಗೆದುಕೊಳ್ಳುತ್ತಿದ್ದೆ. ಏರ್‌ಮ್ಯಾಟಿಕ್ ಇಲ್ಲದೆ 20 ಇಂಚಿನ ಚಕ್ರದ ಇ-ಕ್ಲಾಸನ್ನು ರಿಯಾಯಿತಿ ಕೊಟ್ಟರೂ ಒಪ್ಪುತ್ತಿರಲಿಲ್ಲ. ಬುಕಿಂಗ್ ಫಾರ್ಮಿನಲ್ಲಿ ಮಾರಾಟ ಪ್ರತಿನಿಧಿ 20 ಇಂಚಿನ ಚಕ್ರಕ್ಕೆ ಮೊದಲೇ ಗುರುತು ಹಾಕಿಟ್ಟಿದ್ದರು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 18 ಎಂದು ಬರೆದು ಸಹಿ ಮಾಡಿದೆ.