ಹಳೆಯ ಡಿಸ್ಕ್ ಎಬ್ಬಿಸಲು ವರ್ಚುವಲ್‌ಬಾಕ್ಸ್ ಮತ್ತು ಕೆವಿಎಂ

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಲೆಕ್ಕ ಬರೆಯುತ್ತಿದ್ದ ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಮಳೆಗಾಲದಲ್ಲಿ ಕೈಕೊಟ್ಟಿತು; ಡಿಸ್ಕ್ ಮಾತ್ರ ಉಳಿಯಿತು. ಅದರಲ್ಲಿದ್ದ ಫೆಡೋರಾ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಲೆಕ್ಕಪತ್ರಗಳ ಸಮೇತ, ತುಮಕೂರಿನ ಮನೆಯಲ್ಲಿರುವ 8 ಜಿಬಿ ರ್‍ಯಾಮಿನ ಡೆಬಿಯನ್ (ಇನ್ನೊಂದು ಲಿನಕ್ಸ್) ಕಂಪ್ಯೂಟರಿನೊಳಗೆ ಓಡಿಸಲು ಎರಡು ದಾರಿ ಹಿಡಿದು ನೋಡಿದೆ: ವರ್ಚುವಲ್‌ಬಾಕ್ಸ್ ಮತ್ತು ಕೆವಿಎಂ. ಕಂಪ್ಯೂಟರಿನೊಳಗೇ ಇನ್ನೊಂದು ವರ್ಚುವಲ್ ಕಂಪ್ಯೂಟರನ್ನು ಓಡಿಸುವ ತಂತ್ರಾಂಶಗಳಿವು. ಈಗ ದಿನವೂ ಬಳಸುತ್ತಿರುವುದು ಕೆವಿಎಂ.

ವರ್ಚುವಲ್‌ಬಾಕ್ಸ್‌ನಲ್ಲಿ ಡಿಸ್ಕಿನತ್ತ ಬೆರಳು ತೋರಿಸುವ ಪುಟ್ಟ ವಿಎಂಡಿಕೆ ಕಡತವೊಂದನ್ನು ಟರ್ಮಿನಲ್‌ನಲ್ಲಿ ಸೃಷ್ಟಿಸಿಕೊಳ್ಳಬೇಕು. ನಾನು ಅದರಲ್ಲಿ ಎಸ್‌ಡಿಬಿ (ಜೋಡಿಸಿದ ಕ್ರಮದಲ್ಲಿ ಲಿನಕ್ಸ್ ಡಿಸ್ಕಿಗೆ ಕೊಡುವ ಹೆಸರು) ಎಂದು ಬರೆದಿದ್ದೆ. ಮರುದಿನ ಪೆನ್‌ಡ್ರೈವ್ ಮೊದಲು ಚುಚ್ಚಿದ್ದರಿಂದ ಆ ಹೆಸರು ಅದರ ಪಾಲಾಗಿತ್ತು. ಡಿಸ್ಕಿನ ಗುರುತಿಗೇ ಅಂಟಿದ, ಬದಲಾಗದ ಬೈ-ಐಡಿ ಹೆಸರನ್ನು ಕೊಟ್ಟಿದ್ದರೆ ಈ ಪೇಚು ಇರುತ್ತಿರಲಿಲ್ಲ, ತಪ್ಪು ನನ್ನದೇ. ಆದರೆ ಕರ್ನಲ್ (ಲಿನಕ್ಸಿನ ತಿರುಳು) ಬದಲಾದಾಗಲೆಲ್ಲ ಅದಕ್ಕೆ ಸೇರಿಸುವ ವರ್ಚುವಲ್‌ಬಾಕ್ಸ್ ಮಾಡ್ಯೂಲನ್ನು ಮತ್ತೆ ಕಟ್ಟಬೇಕಾಗುವುದು ನನಗೆ ಒಗ್ಗಲಿಲ್ಲ. ಕೆವಿಎಂ 2007ರ 2.6.20 ಆವೃತ್ತಿಯಿಂದಲೂ ಕರ್ನಲ್‌ನೊಳಗೇ ಇದೆ.

ಹಾಗೆಂದು ಕೆವಿಎಂ ಮೊದಲ ಏಟಿಗೇ ಒಲಿಯಲಿಲ್ಲ. ಕೆವಿಎಂ ನಿಭಾಯಿಸುವ ವರ್ಟ್-ಮ್ಯಾನೇಜರ್‌ನಲ್ಲಿ ಡಿಸ್ಕಿಗೆ ವರ್ಟಿಯೋ ಬಸ್ (ವರ್ಚುವಲ್ ಯಂತ್ರಗಳಿಗೆಂದೇ ಮಾಡಿದ ಜೋಡಣೆ) ಆರಿಸಿದೆ, ವೇಗ ಹೆಚ್ಚೆಂಬ ಆಸೆಗೆ. ಬೂಟ್ ಮೆನು ಗ್ರಬ್ ಬಂತು, ಕರ್ನಲ್ ಬಂತು, ಆಮೇಲೆ ಫೆಡೋರಾ ಇರುವ ರೂಟ್ ವಿಭಾಗಕ್ಕಾಗಿ ಕಾಯುತ್ತಾ ಕಾಯುತ್ತಾ ಕೊನೆಗೆ ಬೂಟ್‌ನ ಮೊದಲ ಹಂತವನ್ನು ಸಿದ್ಧಪಡಿಸುವ ಡ್ರಾಕಟ್‌ನ ತುರ್ತು ಶೆಲ್ ಎದುರಾಯಿತು. ಅಲ್ಲಿ ಡಿಸ್ಕ್ ವಿಭಾಗಗಳನ್ನು ಪಟ್ಟಿಮಾಡುವ ಬ್ಲಾಕ್‌ಐಡಿ (blkid) ಎಂದು ಹೊಡೆದರೆ ಉತ್ತರವೇ ಇಲ್ಲ: ಡಿಸ್ಕೇ ಕಾಣುತ್ತಿರಲಿಲ್ಲ. ಯಾವ ವಿಭಾಗ ಎಲ್ಲಿ ಎಂದು ಬರೆದಿರುವ ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿಗಳು (ವಿಭಾಗಗಳ ಗುರುತುಗಳು) ಸರಿಯಾಗಿಯೇ ಇದ್ದುದರಿಂದ ಒಂದು ಸಂಜೆ ಪೂರ್ತಿ ತಪ್ಪು ಜಾಗದಲ್ಲೇ ತಡಕಾಡಿದೆ.

ಫೆಡೋರಾದ ಡ್ರಾಕಟ್, ಆಯಾ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ, ಬೂಟ್ ಆಗುವಾಗ ಮೊದಲು ತೆರೆಯುವ ಇನಿಟ್‌ರ್‍ಯಾಮ್‌ಎಫ್‌ಎಸ್‌ಗೆ ತುಂಬುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ವರ್ಟಿಯೋ ಎಲ್ಲಿತ್ತು? ಬಸ್ಸನ್ನು ಸಾಮಾನ್ಯ ಡಿಸ್ಕ್‌ಗಳ ಸಾಟಾಕ್ಕೆ ಬದಲಿಸಿದೊಡನೆ ಲಾಗಿನ್ ಪರದೆ ಬಂತು. ಒಳಗಿನಿಂದ ವರ್ಟಿಯೋ ಡ್ರೈವರ್ ಸೇರಿಸಿ ಡ್ರಾಕಟ್ ಮತ್ತೆ ಓಡಿಸಿದ ಮೇಲೆ ವರ್ಟಿಯೋ ಬಸ್ಸಿನಲ್ಲೂ ಎದ್ದಿತು. ಸಾಟಾ ನಿಯಂತ್ರಕವನ್ನೇ ಬಳಸಿದ್ದ ವರ್ಚುವಲ್‌ಬಾಕ್ಸ್ ಇಲ್ಲಿ ಮುಗ್ಗರಿಸಿರಲಿಲ್ಲ ಎಂಬುದನ್ನು ಒಪ್ಪಬೇಕು.

ಹಳೆಯ ಯಂತ್ರ ಯುಇಎಫ್‌ಐ (ಬಯಾಸ್ ಬದಲಿಗೆ ಬಂದ ಬೂಟ್ ವಿಧಾನ) ಆಗಿದ್ದರೆ ವರ್ಚುವಲ್ ಯಂತ್ರದಲ್ಲೂ ಅದನ್ನೇ ಆರಿಸಬೇಕು. ಎರಡೂ ಕಡೆ ಇದೇ ಮಾತು.

ಹೊಸ ಲ್ಯಾಪ್‌ಟಾಪಿಗೆ ದುಡ್ಡು ಹೊಂದಿಸದ ನನಗೆ ಇರುವುದು ಈ ಒಂದೇ ಡಿಸ್ಕ್. ಆದ್ದರಿಂದ ಅಪ್‌ಡೇಟ್ ಮಾಡುವ ಮುನ್ನ ಅದರ ಮೇಲೊಂದು ಕ್ಯೂಕೌ2 ಪದರ ಹಾಸುತ್ತೇನೆ: ಬರಹವೆಲ್ಲ ಪದರಕ್ಕೆ ಹೋಗುತ್ತದೆ, ಕೆಟ್ಟರೆ ಅಳಿಸಿದರಾಯಿತು. ಫೆಡೋರಾ ಓಡುವಾಗ ಡೆಬಿಯನ್ ಅದೇ ಡಿಸ್ಕನ್ನು ಮೌಂಟ್ ಮಾಡಿದರೆ (ತಾನೂ ತೆರೆದುಕೊಂಡರೆ) ಕಡತವ್ಯವಸ್ಥೆಯೇ ಹಾಳಾಗುವುದರಿಂದ, ಆಟೊಮೌಂಟ್ ಅನ್ನು ಮೊದಲ ದಿನವೇ ನಿಲ್ಲಿಸಿದ್ದೇನೆ.