ಕಲ್ಲು ಸಿಕ್ಕಿತು, ಕಾಯಿಲೆ ತಪ್ಪಿತು: ಒಂದು ರೇಡಿಯಾಲಜಿ ಆಪ್ ಬಗ್ಗೆ

ಕಷ್ಟದ ಸ್ಕ್ಯಾನ್‌ಗಳನ್ನು ನೋಡಿ ಕಾಯಿಲೆ ಹೇಳುವ ಅಭ್ಯಾಸಕ್ಕೆ ಅಂತ ಒಂದು ಆಪ್‌ಗೆ ಆರು ತಿಂಗಳ ಹಿಂದೆ ಚಂದಾ ಕಟ್ಟಿದೆ. ಬೈಯೋದೂ ಇದೆ, ಹಾಗಾಗಿ ಹೆಸರು ಬೇಡ. ದಿನಕ್ಕೊಂದು ಕೇಸ್ ಬರುತ್ತದೆ. ರೋಗಿಯ ವಯಸ್ಸು, ಒಂದೆರಡು ಸಾಲಿನಲ್ಲಿ ತೊಂದರೆ, ಸ್ಕ್ಯಾನ್. ಮೊದಲು ನಮ್ಮ ಉತ್ತರ ಹಾಕಬೇಕು, ಆಮೇಲೇ ಅವರದ್ದು ತೆರೆಯುತ್ತದೆ.

ನನಗೆ ಹಿಡಿಸಿದ್ದು ಪೂರ್ತಿ ಸ್ಕ್ಯಾನ್ ಕೊಡುವುದು. ಪುಸ್ತಕದಲ್ಲಿ ಒಂದೇ ಸ್ಲೈಸ್, ಅಂದರೆ ದೇಹದ ಒಂದು ಪದರದ ಚಿತ್ರ, ಇರುತ್ತದೆ, ಅದರ ಮೇಲೆ ಬಾಣ ಬೇರೆ. ಬಾಣ ಇದ್ದರೆ ಯಾರು ಬೇಕಾದರೂ ಹೇಳುತ್ತಾರೆ, ಅಲ್ವಾ? ನೂರಾರು ಸ್ಲೈಸುಗಳಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದೇ ಕಷ್ಟ.

ಒಂದು ಕೇಸ್ ಇನ್ನೂ ಮರೆತಿಲ್ಲ. ವಯಸ್ಸಾದ ಹೆಂಗಸು, ಇದ್ದಕ್ಕಿದ್ದಂತೆ ವಿಪರೀತ ಹೊಟ್ಟೆನೋವು, ಆದರೆ ಹೊಟ್ಟೆ ಒತ್ತಿ ನೋಡಿದರೆ ಮೆತ್ತಗೇ ಇದೆ. ಕಾಂಟ್ರಾಸ್ಟ್, ಅಂದರೆ ರಕ್ತನಾಳ ಬೆಳ್ಳಗೆ ಕಾಣುವಂತೆ ಮಾಡುವ ಔಷಧಿ, ಹಾಕಿದ ಸಿಟಿ ಸ್ಕ್ಯಾನ್. ಸ್ಕ್ರೋಲ್ ಮಾಡುತ್ತಾ ಪಿತ್ತಕೋಶಕ್ಕೆ ಬಂದೆ, ಒಳಗೆ ಕಲ್ಲು ಕಂಡಿತು, ಖುಷಿಯಾಗಿ ಅದನ್ನೇ ಉತ್ತರ ಅಂತ ಒತ್ತಿಬಿಟ್ಟೆ. ತಪ್ಪು. ಪಿತ್ತಕೋಶದ ಗೋಡೆ ದಪ್ಪ ಆಗಿರಲಿಲ್ಲ, ಸುತ್ತಲಿನ ಕೊಬ್ಬೂ ಕದಡಿರಲಿಲ್ಲ, ಅದು ಸುಮ್ನೆ ಕೂತಿದ್ದ ಕಲ್ಲು. ನಿಜವಾದ ತೊಂದರೆ ಕರುಳಿಗೆ ರಕ್ತ ಕೊಡುವ ಎಸ್‌ಎಂಎ ನಾಳದಲ್ಲಿತ್ತು. ಕಾಂಟ್ರಾಸ್ಟ್‌ನಿಂದ ಬೆಳ್ಳಗೆ ಹೊರಟ ನಾಳ ಸ್ವಲ್ಪ ದೂರ ಹೋಗಿ ತಟ್ಟನೆ ಬೂದು ಬಣ್ಣಕ್ಕೆ ತಿರುಗಿತ್ತು. ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಪಕ್ಕದಿಂದ ನೋಡುವ ಸ್ಯಾಜಿಟಲ್ ಚಿತ್ರದಲ್ಲಂತೂ ಕಣ್ಣಿಗೆ ರಾಚುತ್ತಿತ್ತು. ಹೃದಯ ಬಡಿತ ಏರುಪೇರು ಅಂತ ಮೇಲೆ ಬರೆದೂ ಇದ್ದರು, ಹೆಪ್ಪು ಹೃದಯದಿಂದ ಬಂದಿರಬಹುದು ಅನ್ನುವ ಸುಳಿವು ಅದು, ನಾನು ಓದಿಯೂ ಓದಿರಲಿಲ್ಲ. ಒಂದು ಸಿಕ್ಕ ಕೂಡಲೇ ಕಣ್ಣು ಹುಡುಕುವುದನ್ನು ಬಿಡುತ್ತದೆ, ಇದಕ್ಕೆ ಸ್ಯಾಟಿಸ್‌ಫ್ಯಾಕ್ಷನ್ ಆಫ್ ಸರ್ಚ್ ಅನ್ನುತ್ತಾರೆ. ಹೆಸರು ಗೊತ್ತಿತ್ತು, ಬಿಸಿ ತಟ್ಟಿದ್ದು ಅವತ್ತೇ.

ಈಗ ಬೈಯೋದು. ಫೋನಿನಲ್ಲಿ ವಿಂಡೋ ಬದಲಾಯಿಸಲು ಆಗುವುದಿಲ್ಲ. ಕಪ್ಪಿನಿಂದ ಬಿಳುಪಿನವರೆಗೆ ಎಷ್ಟು ಅಗಲದ ಸಾಂದ್ರತೆಯನ್ನು ಹರಡಿ ತೋರಿಸಬೇಕು ಅನ್ನುವ ಸೆಟ್ಟಿಂಗ್ ಅದು. ಮೆದುಳಿನ ಸಿಟಿಯನ್ನು ಮಾಮೂಲಿ 80ರ ಅಗಲದಲ್ಲೇ ನೋಡಿದರೆ ತಲೆಬುರುಡೆಗೆ ಅಂಟಿಕೊಂಡ ತೆಳು ಸಬ್‌ಡ್ಯೂರಲ್ (ಮೆದುಳಿನ ಹೊರ ಹೊದಿಕೆಯ ಕೆಳಗೆ ಸೇರಿದ) ರಕ್ತವೂ ಮೂಳೆಯೂ ಒಂದೇ ಬಿಳುಪಾಗಿ ಕಾಣುತ್ತವೆ. ಅಗಲವನ್ನು 200ರ ಹತ್ತಿರ ತಂದರೆ ಎರಡೂ ಬೇರೆ ಬೇರೆಯಾಗುತ್ತವೆ. ಅಷ್ಟೂ ಬಿಡದಿದ್ದರೆ ಅದು ಪರೀಕ್ಷೆಯಲ್ಲ, ಮೋಸ.

ಇದಕ್ಕಿಂತ ಜಾಸ್ತಿ ಬೇಜಾರು ನಾರ್ಮಲ್ ಕೇಸೇ ಇಲ್ಲದ್ದು. ಆರು ತಿಂಗಳಲ್ಲಿ ಒಂದೂ ಬಂದಿಲ್ಲ. ಏನೋ ಇದ್ದೇ ಇರುತ್ತದೆ, ಅದೂ ಅಪರೂಪದ್ದೇ ಇರುತ್ತದೆ ಅಂತ ಗೊತ್ತಾದ ಮೇಲೆ ನಾವು ಸ್ಕ್ಯಾನ್ ನೋಡುವುದಿಲ್ಲ, ಕೇಸ್ ಹಾಕಿದವರ ತಲೆಯಲ್ಲಿ ಏನಿದೆ ಅಂತ ಊಹಿಸುತ್ತೇವೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ಸಿಟಿಯೊಳಗೆ ಗೊರಿಲ್ಲಾ ಚಿತ್ರ ಸೇರಿಸಿ 24 ರೇಡಿಯಾಲಜಿಸ್ಟ್‌ಗಳಿಗೆ ಕೊಟ್ಟಿದ್ದರು. ಗಂಟು ಹುಡುಕಿ ಅಂದಿದ್ದರು, ಅವರು ಗಂಟನ್ನೇ ಹುಡುಕಿದರು, 20 ಮಂದಿಗೆ ಗೊರಿಲ್ಲಾ ಕಾಣಿಸಲೇ ಇಲ್ಲ. ಈ ಆಪ್‌ನಲ್ಲಿ ಉಲ್ಟಾ. ನಾವೆಲ್ಲ ಗೊರಿಲ್ಲಾವನ್ನೇ ಹುಡುಕುತ್ತಾ ಮಾಮೂಲಿ ಗಂಟನ್ನು ದಾಟಿ ಹೋಗುತ್ತೇವೆ. ಕೆಲಸದಲ್ಲೂ ಹೀಗಾಯಿತು, ನೆಟ್ಟಗಿರುವ ಸ್ಕ್ಯಾನ್ ಬಂದರೂ ಮೂರು ಸಲ ಸ್ಕ್ರೋಲ್ ಮಾಡುವ ಚಾಳಿ ಹತ್ತಿದೆ.

ಆದರೂ ಚಂದಾ ಮುಂದುವರಿಸಿದ್ದೇನೆ, ನೋಡುವುದು ಲ್ಯಾಪ್‌ಟಾಪಿನಲ್ಲಿ ಮಾತ್ರ. ನಾಲ್ಕಕ್ಕೊಂದು ನಾರ್ಮಲ್ ಸೇರಿಸಿ ಅಂತ ಅವರಿಗೆ ಬರೆದಿದ್ದೆ. "ಗಮನಿಸುತ್ತೇವೆ" ಅಂತ ಉತ್ತರ ಬಂದಿದೆ.